ಒಡವೆಯ ಒಡೆತನ

ಇಂದು 'ಒಡವೆ' ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಚಿನ್ನದ ಸರ, ಬಳೆ, ಓಲೆಗಳು. ಹಿಂದೆ ಈ ಮಾತಿನ ಅರ್ಥ ಇಷ್ಟು ಕಿರಿದಾಗಿರಲಿಲ್ಲ. ಒಬ್ಬರ ಸ್ವತ್ತಾಗಿ ಇರುವುದೆಲ್ಲವೂ ಒಡವೆಯೇ. 'ಒಡೆಯ', 'ಒಡೆತನ' ಎಂಬ ಶಬ್ದಗಳೂ ಇದೇ ಬೇರಿನವು. ಮದುವೆಯಾದ ಹೆಣ್ಣಿನ ಕೊರಳಿನ ಒಡವೆಗೆ ಒಡೆಯರು ಯಾರು? ಸಂಸಾರ ನೆಟ್ಟಗೆ ಸಾಗುತ್ತಿರುವಾಗ ಯಾರೂ ಹೀಗೆ ಕೇಳುವುದಿಲ್ಲ. ಕೇಳಿದರೆ ಹಿರಿಯರು ಅಪಶಕುನವೆಂದು ಬಾಯಿ ಮುಚ್ಚಿಸುತ್ತಾರೆ. ವಿಚ್ಛೇದನದ ಅರ್ಜಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಮಾತ್ರ ಇದನ್ನು ಕೇಳದೆ ವಿಧಿಯಿಲ್ಲ. ಹಿಂದೂ ವಿವಾಹಗಳ ಮಟ್ಟಿಗೆ ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸುತ್ತೇನೆ. ನಾನು ವಕೀಲನಲ್ಲ, ಕನ್ನಡ ಮೇಷ್ಟರು. ಆದರೂ ಈ ವಿಷಯದಲ್ಲಿ ಶಬ್ದಾರ್ಥದ ಜಿಜ್ಞಾಸೆಗೆ ಸಾಕಷ್ಟು ಎಡೆಯುಂಟು.

ಈ ಜಿಜ್ಞಾಸೆಯನ್ನು ನಡೆಸಿದವರಲ್ಲಿ ಮುಖ್ಯನಾದವನು ನಮ್ಮ ನೆಲದವನೇ. ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಸನ್ನಿಧಿಯಲ್ಲಿ ಬಂದದ್ದು ಎಂದು ಸ್ತ್ರೀಧನದ ಬಗೆಗಳನ್ನು ಎಣಿಸುತ್ತ ಹೋದ ಸ್ಮೃತಿ 'ಆದ್ಯ' ಎನ್ನುತ್ತದೆ, ಎಂದರೆ 'ಮೊದಲಾದವು'. ವಿಜ್ಞಾನೇಶ್ವರನು ಈ ಒಂದು ಮಾತನ್ನು ಹಿಡಿದು, ಹೆಣ್ಣಿಗೆ ದಾಯವಾಗಿ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಪಡೆದದ್ದು ಇವೆಲ್ಲವೂ ಸ್ತ್ರೀಧನವೇ ಎಂದನು. ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಯೌಗಿಕ. ಸ್ತ್ರೀಯ ಧನವೆಲ್ಲ ಸ್ತ್ರೀಧನ ಎಂಬುದು ಅವನ ವಾದ. ವ್ಯಾಕರಣವು ಹೆಣ್ಣಿನ ಪಕ್ಷವನ್ನು ವಹಿಸಿದ ಅಪರೂಪದ ಸಂದರ್ಭವಿದು! ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಈ ವಿಶಾಲಾರ್ಥವನ್ನು ಒಪ್ಪದೆ, ದಾಯವಾಗಿ ಬಂದ ಆಸ್ತಿಯಲ್ಲಿ ಹೆಣ್ಣಿಗೆ ಬಹುಮಟ್ಟಿಗೆ ಜೀವಿತಕಾಲದ ಅನುಭೋಗವನ್ನಷ್ಟೇ ಉಳಿಸಿತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದೇ ಒಂದು ಕಾಯಿದೆಯನ್ನು ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಬಂದ ಮೇಲೆ, ಹೆಣ್ಣು ತನ್ನ ಸ್ವಾಧೀನದಲ್ಲಿರುವ ಆಸ್ತಿಗೆ ಸಾಮಾನ್ಯವಾಗಿ ಪೂರ್ಣ ಒಡತಿಯಾದಳು.

ಇನ್ನು ಮದುವೆಯ ಒಡವೆ. ಸೊಸೆಯ ಒಡವೆಗಳನ್ನು ಅತ್ತೆ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುವುದು ಎಷ್ಟೋ ಮನೆಗಳ ರೂಢಿ. ಹಾಗೆ ಇಟ್ಟಮಾತ್ರಕ್ಕೆ ಒಡೆತನ ಕೈಬದಲಾಗುವುದಿಲ್ಲ. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು: ಸ್ತ್ರೀಧನ ಹೆಂಡತಿಯದೇ, ಅವಳು ನಂಬಿ ಒಪ್ಪಿಸಿದ್ದನ್ನು ಗಂಡನಾಗಲಿ ಅವನ ಮನೆಯವರಾಗಲಿ ಕೇಳಿದಾಗ ಕೊಡದೆ ದಕ್ಕಿಸಿಕೊಂಡರೆ ಅದು ಕ್ರಿಮಿನಲ್ ಸ್ವರೂಪದ ನಂಬಿಕೆದ್ರೋಹ. ಕ್ಷಾಮ, ವ್ಯಾಧಿ ಮೊದಲಾದ ಆಪತ್ತಿನಲ್ಲಿ ಪತಿ ಬಳಸಿಕೊಂಡ ಸ್ತ್ರೀಧನವನ್ನು ಹಿಂತಿರುಗಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನ ಮತ. ನಮ್ಮ ನ್ಯಾಯಾಲಯ ಇಲ್ಲಿ ಸ್ಮೃತಿಗಿಂತ ಮುಂದೆ ಹೋಗಿದೆ. ಕಷ್ಟಕಾಲದಲ್ಲಿ ಬಳಸಿದರೂ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವುದು ಪತಿಯ ನೈತಿಕ ಹೊಣೆಯೆಂದು 2024ರಲ್ಲಿಯೂ ಅದು ಹೇಳಿತು.

ಆದರೆ ಮನೆಯ ಮಾತು ಬೇರೆ. ಗಂಡನು ತನ್ನ ಸಂಪಾದನೆಯಿಂದ ತನ್ನ ಹೆಸರಿನಲ್ಲಿ ಕಟ್ಟಿಸಿದ ಮನೆಯಲ್ಲಿ ಹೆಂಡತಿ ಇಪ್ಪತ್ತು ವರ್ಷ ಬೇಯಿಸಿ ಬಡಿಸಿರಬಹುದು. ಅಷ್ಟರಿಂದಲೇ ವಿಚ್ಛೇದನದ ವೇಳೆ ಅರ್ಧ ಮನೆ ಅವಳದಾಗುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 27ನೆಯ ಕಲಮು ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರಿದ ಸ್ವತ್ತನ್ನು ಕುರಿತದ್ದು. ಉಳಿದಂತೆ 25ನೆಯ ಕಲಮಿನಡಿ ಶಾಶ್ವತ ಜೀವನಾಂಶವನ್ನು ಕೇಳಬಹುದು. ಇಬ್ಬರ ಆದಾಯ ಆಸ್ತಿಗಳನ್ನು ನೋಡಿ ನ್ಯಾಯಾಲಯ ಅದನ್ನು ಗೊತ್ತುಪಡಿಸುತ್ತದೆ. ಕಾರವಾರವನ್ನು ದಾಟಿ ಗೋವೆಗೆ ಹೋದರೆ ನ್ಯಾಯವೇ ಬೇರೆ. ಪೋರ್ಚುಗೀಸರ ಕಾಲದಿಂದ ಬಂದ ಸಂಹಿತೆಯಂತೆ ಅಲ್ಲಿ, ಮದುವೆಗೆ ಮುಂಚೆ ಬೇರೆ ಒಪ್ಪಂದವಾಗದಿದ್ದರೆ, ದಂಪತಿಗಳ ಆಸ್ತಿ ಇಬ್ಬರದೂ ಆಗುತ್ತದೆ, ಬೇರೆಯಾದಾಗ ಸಮಪಾಲು. ಅಡುಗೆಮನೆಯ ದುಡಿಮೆಗೂ ಬೆಲೆಯುಂಟೆಂದು ಒಪ್ಪಿದ ಈ ಪದ್ಧತಿಯೇ ನನಗೆ ಹೆಚ್ಚು ನ್ಯಾಯವಾಗಿ ತೋರುತ್ತದೆ.

ಮಗುವಾದರೋ ಯಾರ ಒಡವೆಯೂ ಅಲ್ಲ. 1956ರ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯಿದೆ ಮಗುವಿನ ಕ್ಷೇಮವನ್ನೇ ಪರಮವೆಂದು ಎಣಿಸುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎನ್ನುತ್ತದೆ. ಆದರೆ ಸಹಜ ಪಾಲಕನು ತಂದೆ, ಅವನ 'ನಂತರ' ತಾಯಿ ಎಂಬ ಮಾತೂ ಅದರಲ್ಲಿದೆ. ತಂದೆ ಬದುಕಿರುವಷ್ಟು ಕಾಲ ತಾಯಿಗೆ ಪಾಲಕಿಯ ಸ್ಥಾನವೇ ಇಲ್ಲವೆಂದು ಇದನ್ನು ಓದಲು ಅವಕಾಶವಿತ್ತು. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, 'ನಂತರ' ಎಂದರೆ 'ಮರಣಾನಂತರ' ಎಂದೇ ಅಲ್ಲ, 'ಅನುಪಸ್ಥಿತಿಯಲ್ಲಿ' ಎಂದೂ ಆಗುತ್ತದೆಂದು ಅರ್ಥೈಸಿತು. ಮಗುವಿನ ಪಾಲನೆಗೆ ತಲೆಹಾಕದ ತಂದೆ ಬದುಕಿದ್ದರೂ ಅನುಪಸ್ಥಿತನೇ. ವಿಜ್ಞಾನೇಶ್ವರನು ಕೇಳಿದ್ದರೆ ತಲೆದೂಗುತ್ತಿದ್ದನೇನೋ.

ಹಕ್ಕಿದ್ದರೆ ಸಾಲದು, ಪುರಾವೆ ಬೇಕು. ಹೆಣ್ಣುಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿ. ಯಾವ ಒಡವೆ, ಎಷ್ಟು ತೂಕ, ಯಾರು ಕೊಟ್ಟದ್ದು? ಅಂಗಡಿಯ ರಸೀತಿ ಸಿಗುವುದಿಲ್ಲ. ಹಳೆಯ ಸರವನ್ನು ಕರಗಿಸಿ ಬಳೆ ಮಾಡಿಸಿ ಆಗಿರುತ್ತದೆ. ನಮ್ಮ ಮದುವೆಮನೆಗಳಲ್ಲಿ ಒಬ್ಬರು ಮೂಲೆಯಲ್ಲಿ ಕುಳಿತು ಮುಯ್ಯಿಯ ಲೆಕ್ಕವನ್ನು ಬರೆಯುತ್ತಾರೆ. ಇಂಥವರು ಇಷ್ಟು ರೂಪಾಯಿ ಓದಿಸಿದರೆಂದು ಬರೆದಿಟ್ಟ ಆ ಪುಸ್ತಕ, ಮರುಮುಯ್ಯಿ ಮಾಡಲೆಂದು ಎಷ್ಟೋ ವರ್ಷ ಜೋಪಾನವಾಗಿರುತ್ತದೆ. ವಧುವಿನ ಒಡವೆಗೆ ಮಾತ್ರ ಒಂದು ಹಾಳೆಯೂ ಇರುವುದಿಲ್ಲ. ಆ ಹಾಳೆಯನ್ನು ಬರೆದಿಡಬೇಕೆಂದು ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿಯೇ ನಿಯಮಗಳಾಗಿವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ನಂಟು ಇಷ್ಟನ್ನು ಬರೆದು ವಧೂವರರಿಬ್ಬರೂ ರುಜು ಮಾಡಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಬಳಿಯೇ ಇರಬೇಕು. ಮುಯ್ಯಿ ಬರೆಯುವವರ ಕೈಗೇ ಇನ್ನೊಂದು ಪುಸ್ತಕವನ್ನು ಕೊಟ್ಟರೆ ಆ ಕೆಲಸವೂ ಅಂದೇ ಮುಗಿದೀತು.