ಧ್ವನಿವರ್ಧಕದ ಗೂಡು

ಧ್ವನಿವರ್ಧಕವೊಂದನ್ನು ಅದರ ಪೆಟ್ಟಿಗೆಯಿಂದ ಹೊರತೆಗೆದು, ಬರಿದಾಗಿ ಮೇಜಿನ ಮೇಲಿರಿಸಿ ಹಾಡಿಸಿದರೆ ಒಂದು ವಿಚಿತ್ರ ಅನುಭವಕ್ಕೆ ಬರುತ್ತದೆ. ಗಾಯಕನ ಕಂಠವೂ ಪಿಟೀಲಿನ ಮೇಲು ಸ್ವರಗಳೂ ಸಾಕಷ್ಟು ಸ್ಪಷ್ಟವಾಗಿಯೇ ಕೇಳಿಸುತ್ತವೆ; ಮೃದಂಗದ ಎಡಮುಖದ ಗುಂಕಾರ ಮಾತ್ರ ಎಲ್ಲಿಯೋ ಅಡಗಿಹೋಗುತ್ತದೆ. ಅದೇ ಧ್ವನಿವರ್ಧಕವನ್ನು ಮರಳಿ ಪೆಟ್ಟಿಗೆಯಲ್ಲಿ ಕೂರಿಸಿದೊಡನೆ ಗುಂಕಾರ ತುಂಬಿಕೊಂಡು ಬರುತ್ತದೆ. ಇದಕ್ಕೆ ಕಾರಣವೇನು?

ಧ್ವನಿವರ್ಧಕದೊಳಗೆ ಕಾಗದದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಒಂದು ಶಂಕುವಿರುತ್ತದೆ. ಅದರ ಬುಡಕ್ಕೆ ತಂತಿಯ ಸುರುಳಿಯನ್ನು ಅಂಟಿಸಿ, ಕಾಂತದ ನಡುವೆ ತೂಗಿಬಿಟ್ಟಿರುತ್ತಾರೆ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಚಲಿಸುತ್ತದೆ. ಶಂಕುವೂ ಅದರೊಡನೆ ಚಲಿಸಿ ಗಾಳಿಯನ್ನು ಕಂಪಿಸುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ತಂತ್ರಜ್ಞರು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿನ ಬಹುಪಾಲು ಧ್ವನಿವರ್ಧಕಗಳಿಗೆ ಮಾದರಿ. ಶಂಕು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ತಗ್ಗು ಸ್ವರಗಳ ತರಂಗದೂರ ಹಲವು ಮೀಟರುಗಳಷ್ಟಿರುವುದರಿಂದ ಅವು ಅಂಚನ್ನು ಸುಲಭವಾಗಿ ಬಳಸಿ ಬರುತ್ತವೆ. ಮುಂದಿನ ಒತ್ತಡವೂ ಹಿಂದಿನ ವಿರಳತೆಯೂ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯ ಮೊದಲ ಕೆಲಸವೆಂದರೆ ಈ ಎರಡನ್ನೂ ಬೇರ್ಪಡಿಸುವುದು.

ಅದರ ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಸಂದಿಲ್ಲದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಶಂಕು ಒಳಸರಿದರೆ ಗಾಳಿ ಅದನ್ನು ಹೊರಕ್ಕೆ ದೂಡುತ್ತದೆ; ಹೊರಸರಿದರೆ ಒಳಕ್ಕೆ ಸೆಳೆಯುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ನೆಚ್ಚಿ, ಸಣ್ಣ ಪೆಟ್ಟಿಗೆಯಿಂದ ಆಳವಾದ ನಾದವನ್ನು ಹೊರಡಿಸಿ ತೋರಿಸಿದನು. ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿಯೂ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಪ್ರಕಟಿಸಿದ ಸೂತ್ರಗಳಿಂದ ಪೆಟ್ಟಿಗೆಯ ಅಳತೆಯನ್ನು ಮೊದಲೇ ಲೆಕ್ಕ ಹಾಕುವುದು ಸಾಧ್ಯವಾಯಿತು.

ಒಂದು ಉದಾಹರಣೆಯನ್ನು ನೋಡಬಹುದು. ಒಂದು ಧ್ವನಿವರ್ಧಕದ ಸ್ವಾಭಾವಿಕ ಆವೃತ್ತಿ ಸೆಕೆಂಡಿಗೆ 30 ಕಂಪನಗಳೆಂದೂ, ಅದರ ಶಂಕುವಿನ ತೂಗುಪಟ್ಟಿಯ ಬಿಗುವು 60 ಲೀಟರ್ ಗಾಳಿಯ ಬಿಗುವಿಗೆ ಸಮವೆಂದೂ ಇಟ್ಟುಕೊಳ್ಳೋಣ. ಅದನ್ನು 20 ಲೀಟರಿನ ಪೆಟ್ಟಿಗೆಯಲ್ಲಿಟ್ಟರೆ, ಒಳಗಿನ ಗಾಳಿಯ ಬಿಗುವು ತೂಗುಪಟ್ಟಿಯ ಬಿಗುವಿನ 3 ಪಟ್ಟಾಗುತ್ತದೆ. ಎರಡೂ ಕೂಡಿ ಒಟ್ಟು ಬಿಗುವು 4 ಪಟ್ಟು. ಆವೃತ್ತಿಯು ಬಿಗುವಿನ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಅದು 2 ಪಟ್ಟು ಹೆಚ್ಚಿ 60 ಆಗುತ್ತದೆ. ಅದಕ್ಕೂ ಕೆಳಗಿನ ಸ್ವರಗಳು ಕ್ರಮೇಣ ಕ್ಷೀಣಿಸುತ್ತವೆ. ಪೆಟ್ಟಿಗೆ ಅಗತ್ಯಕ್ಕಿಂತ ಕಿರಿದಾದರೆ ನಾದ ಗಡುಸಾಗಿ ಒಂದೇ ಸ್ವರದಲ್ಲಿ ಮೊರೆಯುತ್ತದೆ. ಆದುದರಿಂದ ಗಾತ್ರವನ್ನು ಕಣ್ಣಂದಾಜಿನಲ್ಲಿ ಗೊತ್ತುಮಾಡಲಾಗದು.

ತಂಬೂರಿಯ ಸೋರೆಬುರುಡೆಗೂ ಈ ಪೆಟ್ಟಿಗೆಗೂ ಮೇಲುನೋಟಕ್ಕೆ ಹೋಲಿಕೆಯುಂಟು. ಆದರೆ ಇವುಗಳ ಧರ್ಮ ತದ್ವಿರುದ್ಧ. ಬುರುಡೆ ತಂತಿಯೊಡನೆ ತಾನೂ ಮಿಡಿದು ನಾದಕ್ಕೆ ತನ್ನ ಬಣ್ಣವನ್ನು ಬೆರೆಸಬೇಕು. ಧ್ವನಿವರ್ಧಕದ ಪೆಟ್ಟಿಗೆಯಾದರೋ ಸ್ವಲ್ಪವೂ ಮಿಡಿಯಕೂಡದು. ಅದರ ಗೋಡೆ ಅದುರಿದರೆ ಸಂಗೀತದಲ್ಲಿಲ್ಲದ ಸದ್ದು ಸಂಗೀತಕ್ಕೆ ಸೇರುತ್ತದೆ.

ಮನೆಯಲ್ಲಿ ಹಲಗೆಯ ಚೌಕ ಪೆಟ್ಟಿಗೆಯಿಂದ ಈ ಉದ್ದೇಶ ನೆರವೇರುತ್ತದೆ. ಕಾರಿನಲ್ಲಿ ಸ್ಥಳದ ಕೊರತೆ. ಅದರ ಹಿಂಭಾಗದ ಡಿಕ್ಕಿಯಲ್ಲಿ ಚೌಕ ಪೆಟ್ಟಿಗೆಯನ್ನಿಟ್ಟರೆ ಸಾಮಾನಿಗೆ ಎಡೆಯಿಲ್ಲ; ಬದಲಿ ಚಕ್ರವನ್ನು ತೆಗೆಯುವುದೂ ಕಷ್ಟ. ಆದರೆ ಚಕ್ರದ ಕಮಾನಿನ ಹಿಂದೆ, ಡಿಕ್ಕಿಯ ಮೂಲೆಯಲ್ಲಿ, ಡೊಂಕುಡೊಂಕಾದ ಒಂದು ಎಡೆ ವ್ಯರ್ಥವಾಗಿ ಉಳಿದಿರುತ್ತದೆ. ಆ ಡೊಂಕಿಗೆ ಹಲಗೆ ಬಾಗದು. ಗಾಜಿನ ನಾರು ಬಾಗುತ್ತದೆ. ಫೈಬರ್ ಗ್ಲಾಸ್ ಎಂದು ಕರೆಯಲಾಗುವ ಈ ನಾರನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ನಾರಿಗೆ ರಾಳವನ್ನು ಬೆರೆಸಿ ಮುಂದೆ ದೋಣಿಗಳನ್ನು ಕಟ್ಟಿದರು. 1953ರಲ್ಲಿ ಹೊರಬಂದ ಷೆವ್ರೊಲೆ ಕಾರ್ವೆಟ್ ಕಾರಿನ ಮೈಯನ್ನೇ ಇದರಿಂದ ರಚಿಸಿದರು. ಕೋಳಿಮೊಟ್ಟೆಯ ತೆಳುಚಿಪ್ಪು ತನ್ನ ಬಾಗಿನಿಂದಲೇ ಗಟ್ಟಿಯಾಗಿರುವಂತೆ, ಬಾಗಿದ ಗಾಜುನಾರಿನ ಗೋಡೆಯೂ ಅದೇ ದಪ್ಪದ ಚಪ್ಪಟೆ ಗೋಡೆಗಿಂತ ಬಿಗುವಾಗಿರುತ್ತದೆ.

ಗೂಡನ್ನು ಕಟ್ಟುವ ಕ್ರಮ ಹೀಗಿದೆ. ಮೊದಲು ಡಿಕ್ಕಿಯ ಮೂಲೆಗೆ ಅಂಟುಪಟ್ಟಿಯನ್ನು ಎರಡು ಮೂರು ಪದರ ಹಚ್ಚಿ, ಅದರ ಮೇಲೆ ಮೇಣವನ್ನು ಬಳಿಯುತ್ತಾರೆ. ಇಲ್ಲವಾದರೆ ಗೂಡು ಕಾರಿಗೇ ಅಂಟಿಕೊಂಡು ಬಿಡುತ್ತದೆ. ಸುತ್ತಲಿನ ಭಾಗಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ತರುವಾಯ ಗಾಜುನಾರಿನ ಚಾಪೆಯನ್ನು ಅಂಗೈಯಗಲದ ತುಂಡುಗಳಾಗಿ ಹರಿದು, ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ, ಒಂದರಂಚಿನ ಮೇಲೊಂದು ಬರುವಂತೆ ಕೂರಿಸುತ್ತಾರೆ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪವಾಗುತ್ತದೆ. ಬಿಗುವಾದ ಗೋಡೆಗೆ 5 ಅಥವಾ 6 ಪದರಗಳು ಬೇಕು. ಪದರಗಳ ನಡುವಿನ ಗಾಳಿಗುಳ್ಳೆಗಳನ್ನು ಉರುಳೆಯಿಂದ ಒತ್ತಿ ಹೊರಹಾಕಬೇಕು. ಗುಳ್ಳೆಯಿದ್ದೆಡೆ ಗೋಡೆ ದುರ್ಬಲ.

ರಾಳ ಗಟ್ಟಿಯಾದ ಮೇಲೆ ಈ ಚಿಪ್ಪನ್ನು ಬಿಡಿಸಿ ತೆಗೆದು ಅಂಚನ್ನು ಕತ್ತರಿಸುತ್ತಾರೆ. ಧ್ವನಿವರ್ಧಕವನ್ನು ಬಿಗಿಯಲು 18 ಮಿಲಿಮೀಟರ್ ದಪ್ಪದ ಹಲಗೆಯ ಬಳೆಯೊಂದನ್ನು ಕೊಯ್ದು, ಮರದ ಊರೆಗಳ ಮೇಲೆ ಚಿಪ್ಪಿನ ಮುಂದೆ ನಿಲ್ಲಿಸುತ್ತಾರೆ. ಬಳೆಯಿಂದ ಚಿಪ್ಪಿನ ಅಂಚಿನವರೆಗೆ ಹಿಗ್ಗುವ ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿದು, ಅದಕ್ಕೆ ರಾಳವನ್ನು ಕುಡಿಸಿದರೆ ಅದು ಒಣಗಿ ಸೆಟೆದುಕೊಳ್ಳುತ್ತದೆ. ಬಳಿಕ ಬಳೆಯ ಕಂಡಿಯ ಮೂಲಕ ಒಳಗಿನಿಂದ ಮತ್ತಷ್ಟು ನಾರಿನ ಪದರಗಳನ್ನು ಹಾಕಿ, ಎಲ್ಲ ಕೂಡುಗೆರೆಗಳನ್ನೂ ರಾಳದಿಂದ ಮುಚ್ಚುತ್ತಾರೆ. ಗೂಡು ಪೂರ್ಣವಾಗಿ ಒಣಗಿದ ತರುವಾಯ ಅದರಲ್ಲಿ ಥರ್ಮೋಕೋಲ್ ಮಣಿಗಳನ್ನು ತುಂಬಿ, ಅವನ್ನು ಅಳತೆಯ ಪಾತ್ರೆಗೆ ಸುರಿದರೆ ಗೂಡಿನ ಗಾತ್ರ ತಿಳಿಯುತ್ತದೆ. ಹಸಿ ರಾಳದ ಬಳಿ ಮಾತ್ರ ಥರ್ಮೋಕೋಲ್ ಸುಳಿಯಕೂಡದು; ರಾಳದಲ್ಲಿನ ಸ್ಟೈರೀನ್ ದ್ರವ ಅದನ್ನು ಕರಗಿಸಿಬಿಡುತ್ತದೆ.

ಈ ಕೆಲಸದಲ್ಲಿ ಜಾಣ್ಮೆಗಿಂತ ಜಾಗರೂಕತೆ ಮುಖ್ಯ. ಸ್ಟೈರೀನಿನ ಆವಿ ತಲೆಸುತ್ತು ತರುತ್ತದೆ ಮತ್ತು ಬೇಗನೆ ಹೊತ್ತಿಕೊಳ್ಳುತ್ತದೆ. ಆದಕಾರಣ ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯಿಂದ ದೂರವಾಗಿ ಕೆಲಸ ಮಾಡಬೇಕು. ರಾಳ ಗಟ್ಟಿಯಾಗಲು ಬೆರೆಸುವ ಪೆರಾಕ್ಸೈಡ್ ನೂರಕ್ಕೆ 1 ಅಥವಾ 2 ಭಾಗ ಸಾಕು. ಹೆಚ್ಚಾದರೆ ರಾಳ ಕಾದು ಹೊಗೆಯಾಡುತ್ತದೆ. ಅದರ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ರಾಳಕ್ಕೆ ಬೆರೆಸುವ ಕೋಬಾಲ್ಟ್ ದ್ರವವನ್ನೂ ಪೆರಾಕ್ಸೈಡನ್ನೂ ಎಂದಿಗೂ ನೇರವಾಗಿ ಕೂಡಿಸಬಾರದು, ಕೂಡಿಸಿದರೆ ಸ್ಫೋಟವಾಗಬಹುದು. ಒಣಗಿದ ಗೂಡನ್ನು ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮವನ್ನೂ ಶ್ವಾಸಕೋಶವನ್ನೂ ಪೀಡಿಸುತ್ತದೆ. ಕನ್ನಡಕ, ಕೈಗವಸು, ಆವಿಯನ್ನೂ ಧೂಳನ್ನೂ ತಡೆಯುವ ಮುಸುಕು ಇವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಗೂಡನ್ನು ಕಾರಿನ ಉಕ್ಕಿನ ಚೌಕಟ್ಟಿಗೆ ಬೋಲ್ಟುಗಳಿಂದ ಬಿಗಿಯುವುದು ಅಷ್ಟೇ ಅಗತ್ಯ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಯಾವುದಕ್ಕಾದರೂ ಬಡಿದು ಥಟ್ಟನೆ ನಿಂತರೆ, ಬಿಗಿಯದ ಗೂಡು ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆಯುವ ವೇಗವೂ ಇಷ್ಟೇ. ವಿದ್ಯುತ್ ತಂತಿ ಉಜ್ಜಿ ಬೆಂಕಿ ಹೊತ್ತದಂತೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಿಸಬೇಕು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕಿವಿಯ ಪ್ರಶ್ನೆ. 30 ಕಂಪನಗಳ ಶಬ್ದದ ತರಂಗದೂರ 11 ಮೀಟರಿಗೂ ಹೆಚ್ಚು. ಕಾರಿನ ಒಳಾವರಣ ಅದಕ್ಕಿಂತ ಬಹಳ ಕಿರಿದು. ಆದುದರಿಂದ ತಿದಿಯೊಳಗಿನಂತೆ ಒಳಗಿನ ಗಾಳಿಯ ಒತ್ತಡವೆಲ್ಲ ಒಮ್ಮೆಗೇ ಏರಿಳಿಯುತ್ತದೆ. ದೊಡ್ಡ ಕೋಣೆಯಲ್ಲಿ ಕ್ಷೀಣವಾಗುವ ಸ್ವರ ಕಾರಿನಲ್ಲಿ ಬಲವಾಗಿ ಕೇಳಿಸುವುದಕ್ಕೆ ಇದೇ ಕಾರಣ. ಅಲ್ಪ ಶಕ್ತಿಯೇ ಇಲ್ಲಿ ಸಾಕಾಗುತ್ತದೆ; ಹೆಚ್ಚು ಶಕ್ತಿ ಹಾನಿಗೆ ದಾರಿ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಳವರೆಗೆ ಸಹಿಸಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ತಲುಪಿದಾಗ ಉಳಿಯುವುದು 15 ನಿಮಿಷ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಚಿಗುರುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಚಾಲಕನಿಗೆ ಕೇಳಿಸದಿದ್ದರೆ ಮತ್ತೊಬ್ಬರ ಪ್ರಾಣಕ್ಕೂ ಸಂಚಕಾರ.

ಗಾಳಿಯ ಬಿಗುವನ್ನು ಲೆಕ್ಕದಿಂದ ಅಳೆದು, ನಾರನ್ನೂ ರಾಳವನ್ನೂ ಪದರಪದರವಾಗಿ ಕೂಡಿಸಿ, ವ್ಯರ್ಥವಾಗಿದ್ದ ಮೂಲೆಯೊಂದನ್ನು ನಾದಕ್ಕೆ ನೆಲೆಯಾಗಿಸುವುದು ನಿಜಕ್ಕೂ ಒಳ್ಳೆಯ ಕುಶಲಕಲೆ. ಕಟ್ಟುವಾಗ ತೋರಿದ ಅದೇ ಸಂಯಮವನ್ನು ಕೇಳುವಾಗಲೂ ತೋರಿದವನಿಗೆ ಅದರ ಸುಖ ಬಹುಕಾಲ ದೊರೆಯುತ್ತದೆ.