ಪಕ್ಕದಲ್ಲಿ ಕೂತು ನೋಡ್ತಿದ್ದ ವೆಸ್ಲಿ

ನಮ್ಮನ್ನು ನಾವು ದೇವರಿಗೆ ಒಪ್ಪಿಸಿಕೊಟ್ಟರೆ ಆಫೀಸಲ್ಲಿ ಪಕ್ಕದ ಸೀಟಿನವರಿಗೆ ಅದು ಹೇಗೆ ಗೊತ್ತಾಗುತ್ತೆ? ಇವತ್ತು ಜಾನ್ ವೆಸ್ಲಿ ವಿಷಯ ನೋಡೋಣ. ಮೈಸೂರಿನ ವೆಸ್ಲಿ ಪ್ರೆಸ್ ಅಂತ ಕೇಳಿರ್ತೀರಿ, ಆ ವೆಸ್ಲಿನೇ.

1735ರಲ್ಲಿ ಅವರು ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ಆಗಲೇ ಪಾದ್ರಿ, ಸುವಾರ್ತೆ ಸಾರೋಕೆ ಹೊರಟವರು. ಅದೇ ಹಡಗಿನಲ್ಲಿ ಜರ್ಮನ್ ಮಾತಾಡುವ 26 ಮಂದಿ ಮೊರೇವಿಯನ್ ವಿಶ್ವಾಸಿಗಳಿದ್ದರು. ಇಂಗ್ಲಿಷ್ ಪ್ರಯಾಣಿಕರು ಯಾರೂ ಮುಟ್ಟದ ಕೆಲಸಗಳನ್ನು ಇವರು ಎಲ್ಲರಿಗೂ ಮಾಡಿಕೊಡ್ತಿದ್ದರು, ದುಡ್ಡು ಕೊಟ್ಟರೆ ಬೇಡ ಅನ್ನೋರು. ಯಾರಾದರೂ ತಳ್ಳಿದರೆ, ಹೊಡೆದರೆ, ಎದ್ದು ಸುಮ್ಮನೆ ಹೋಗೋರು. ವೆಸ್ಲಿ ಇದನ್ನೆಲ್ಲ ನೋಡ್ತಿದ್ದರು. ಅವರ ಜೊತೆ ಮಾತಾಡೋಕಂತಲೇ ಜರ್ಮನ್ ಕಲಿಯೋಕೆ ಶುರು ಮಾಡಿದರು. ನಾವು ಹೈದರಾಬಾದಿಗೆ ಬಂದು ಆಟೋದವರಿಗಾಗಿ ತೆಲುಗು ಕಲಿತ ಹಾಗಲ್ಲ ಬಿಡಿ!

1736ರ ಜನವರಿ 25, ಭಾನುವಾರ ಸಂಜೆ. ಮೊರೇವಿಯನ್ನರು ಆರಾಧನೆಯಲ್ಲಿ ಕೀರ್ತನೆ ಹಾಡ್ತಿದ್ದಾಗಲೇ ಅಲೆ ಹಡಗನ್ನು ಮುಚ್ಚಿತು, ದೊಡ್ಡ ಹಾಯಿ ಹರಿದು ಚೂರಾಯಿತು. ಇಂಗ್ಲಿಷರು ಕಿರುಚಾಡಿದರು. ಇವರು ಹಾಡು ನಿಲ್ಲಿಸಲಿಲ್ಲ. ಭಯ ಆಗಲಿಲ್ವಾ ಅಂತ ವೆಸ್ಲಿ ಆಮೇಲೆ ಒಬ್ಬರನ್ನು ಕೇಳಿದರು. ಇಲ್ಲ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯ ಇಲ್ಲ ಅಂದರು ಅವರು.

ನನಗನ್ಸೋದು, ಬಿರುಗಾಳಿಗಿಂತ ಅದಕ್ಕೆ ಮುಂಚಿನ ವಾರಗಳೇ ಮುಖ್ಯ. ಅವರ ದಿನನಿತ್ಯದ ನಡತೆ ನೋಡಿರದಿದ್ದರೆ, ಆ ಹಾಡನ್ನು ಬರೀ ಮೊಂಡು ಧೈರ್ಯ ಅಂದ್ಕೊಳ್ತಿದ್ದರೇನೋ.

ಬೋಧಿಸಲು ಹೊರಟ ವೆಸ್ಲಿಗೇ ಸಾವಿನ ಭಯ ಇತ್ತು. ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಇಂಗ್ಲೆಂಡಿಗೆ ವಾಪಸಾದ ಮೇಲೆ ಇನ್ನೊಬ್ಬ ಮೊರೇವಿಯನ್, ಪೀಟರ್ ಬೋಲರ್, ಜೊತೆ ತುಂಬ ಮಾತಾಡಿದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟದಲ್ಲಿ ಅವರಿಗೆ ಕ್ರಿಸ್ತನ ಮೇಲೆ ಆ ಭರವಸೆ ಹುಟ್ಟಿತು.