ನಡುರಾತ್ರಿ ಯಾರ ಫೋನು ಹೊಡೆದುಕೊಳ್ಳಬೇಕು?

ತಂಬಾಕು ಬೇಯಿಸುವ ಮನೆಯಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಯಾರಿಗೂ ಪೂರ್ತಿ ನಿದ್ದೆ ಇರುವುದಿಲ್ಲ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ, ರಾಮನಾಥಪುರದ ಸುತ್ತಿನ ಊರುಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುರಿದು ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಬೇಯಿಸುವ ಕೋಣೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಒಲೆಗೆ ಸೌದೆ ಕೊಡಲು ಶುರು ಮಾಡಿದ ಮೇಲೆ ಐದಾರು ದಿನ ಆ ಬೆಂಕಿಯನ್ನು ಕಾಯಲೇಬೇಕು. ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಮೆಲ್ಲಗೆ ಬಿಸಿ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 160ರ ಹತ್ತಿರ ಹಿಡಿದು ದಂಟು ಒಣಗಿಸಬೇಕು. ಮೊದಲ ಹಂತದಲ್ಲಿ ಬಿಸಿ ಅವಸರವಾಗಿ ಏರಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ. ಕೊನೆಯ ಹಂತದಲ್ಲಿ ಬಿಸಿ ಇಳಿದರೆ ದಂಟಿನಲ್ಲಿ ಉಳಿದ ನೀರಿನಂಶ ಎಲೆಗೆ ವಾಪಸ್ಸಾಗಿ ಕಪ್ಪು ಕಟ್ಟುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಬಿಚ್ಚಿದಾಗ ಬಣ್ಣಕ್ಕೇ ಬೆಲೆ.

ನಮ್ಮಣ್ಣ ಈ ಬೆಂಕಿ ಕಾಯುವವನು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವಳು. ಬಿಡುವಿಲ್ಲದೆ ಬಂದು ಬೀಳುವ ಡೇಟಾವನ್ನು ಆ ಕ್ಷಣದಲ್ಲೇ ಓದಿ, ಸೋಸಿ, ಬೇಕಾದವರಿಗೆ ಮುಟ್ಟಿಸುವ ವ್ಯವಸ್ಥೆಗಳನ್ನು ಕಟ್ಟುವುದು ನನ್ನ ದಿನದ ದುಡಿಮೆ. ನಮ್ಮ ಬ್ಯಾರನ್ನಿಗೂ ಅಂಥದ್ದೊಂದನ್ನು ಕಟ್ಟಿದ್ದೇವೆ. ಬಿಸಿ ಅಳೆಯುವ ಕಡ್ಡಿಯೊಂದು ಒಳಗೆ ನೇತಾಡುತ್ತದೆ. ಅದರ ತಂತಿ ಹೊರಗಿನ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಬರುತ್ತದೆ. ಬೋರ್ಡು ನಿಮಿಷಕ್ಕೊಮ್ಮೆ ಮನೆಯ ವೈಫೈ ಮೂಲಕ ದೂರದ ಸರ್ವರಿಗೆ ಒಂದು ಅಂಕಿ ಕಳಿಸುತ್ತದೆ. ಅಂಕಿ ಹೋಗುವುದು ಎಂಕ್ಯೂಟಿಟಿ ಎಂಬ ವಿಧಾನದಲ್ಲಿ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ಇದನ್ನು ರೂಪಿಸಿದ್ದು, ಮರುಭೂಮಿಯ ತೈಲ ಕೊಳವೆಗಳನ್ನು ಉಪಗ್ರಹದ ಮೂಲಕ ದೂರದಿಂದ ಗಮನಿಸುವುದಕ್ಕೆ. ಸಿಗ್ನಲ್ ಕ್ಷೀಣವಾಗಿರುವ ಕಡೆ, ಕರೆಂಟು ಕಡಿಮೆ ಇರುವ ಕಡೆ ಕೆಲಸ ಮಾಡಲೆಂದೇ ಹುಟ್ಟಿದ್ದರಿಂದ ನಮ್ಮ ಹೊಲದಂಚಿಗೂ ಸರಿಹೊಂದಿತು.

ಇಷ್ಟು ಮಾಡುವುದು ಕಷ್ಟವಲ್ಲ. ಅಂಕಿಗಳು ಬರುತ್ತವೆ, ಪರದೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ಆದರೆ ಮಧ್ಯರಾತ್ರಿ ಎರಡು ಗಂಟೆಗೆ ಆ ಪರದೆ ನೋಡುವವರು ಯಾರು? ಅಂಕಿಯೇ ಎದ್ದು ಹೋಗಿ ಮಲಗಿರುವವನನ್ನು ಎಬ್ಬಿಸಬೇಕು. ಹೇಮಾವತಿ ನಾಲೆಯಲ್ಲಿ ನೀರು ಎಲ್ಲರ ಹೊಲದ ಪಕ್ಕದಲ್ಲೂ ಹರಿಯುತ್ತದೆ, ಹೊಲಕ್ಕೆ ಬರುವುದು ಮಾತ್ರ ತೂಬು ಎತ್ತಿದಾಗ. ಸರ್ವರು ತಾನಾಗಿಯೇ ಫೋನಿಗೆ ಕಳಿಸುವ ಪುಶ್ ನೋಟಿಫಿಕೇಶನ್ ಅಂಥ ತೂಬು. ಯಾವಾಗ ಎತ್ತಬೇಕು, ಯಾರ ಹೊಲಕ್ಕೆ ಎತ್ತಬೇಕು ಎನ್ನುವುದರಲ್ಲಿ ಎಲ್ಲ ಜಾಣತನವೂ ಇದೆ.

ಫೋನಿನ ಕಡೆಯಿಂದ ಇದು ನಡೆಯುವ ಬಗೆ ಹೀಗೆ. ಫೋನಿನಲ್ಲಿರುವ ಹತ್ತಾರು ಆ್ಯಪ್‌ಗಳು ತಮ್ಮ ತಮ್ಮ ಸರ್ವರನ್ನು ಪದೇಪದೇ ವಿಚಾರಿಸುತ್ತ ಕೂತರೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಅದಕ್ಕೇ ಆ್ಯಪಲ್ 2009ರಲ್ಲಿ, ಗೂಗಲ್ 2010ರಲ್ಲಿ ಒಂದು ಉಪಾಯ ತಂದವು. ಫೋನು ತನ್ನ ಕಂಪನಿಯ ಸಂದೇಶ ಕೇಂದ್ರದ ಜತೆ ಒಂದೇ ಒಂದು ಸಂಪರ್ಕವನ್ನು ಸದಾ ತೆರೆದಿಟ್ಟುಕೊಳ್ಳುತ್ತದೆ. ಎಲ್ಲ ಆ್ಯಪ್‌ಗಳ ಸುದ್ದಿಯೂ ಅದೇ ದಾರಿಯಲ್ಲಿ ಬರುತ್ತದೆ. ಆ್ಯಪ್ ಹಾಕಿಕೊಂಡಾಗ ಆ ಫೋನಿಗೆಂದೇ ಉದ್ದನೆಯ ಗುರುತಿನ ಅಕ್ಷರಮಾಲೆಯೊಂದು ಸಿಗುತ್ತದೆ, ಟೋಕನ್ ಎನ್ನುತ್ತಾರೆ. ನಮ್ಮ ಸರ್ವರು ಆ ಟೋಕನ್ ಜತೆಗೆ ಸಂದೇಶವನ್ನು ಗೂಗಲ್ಲಿನ ಕೇಂದ್ರಕ್ಕೆ ಒಪ್ಪಿಸುತ್ತದೆ, ಅಲ್ಲಿಂದ ಅಣ್ಣನ ಫೋನಿಗೆ ಬರುತ್ತದೆ. ಫೋನು ಬದಲಾಯಿಸಿದರೆ, ಆ್ಯಪ್ ತೆಗೆದು ಮತ್ತೆ ಹಾಕಿದರೆ ಟೋಕನ್ನೂ ಬದಲಾಗುತ್ತದೆ. ಹಳೆಯದನ್ನು ಪಟ್ಟಿಯಿಂದ ಅಳಿಸಿ ಹೊಸದನ್ನು ಬರೆದುಕೊಳ್ಳುವ ಕೆಲಸ ನಮ್ಮದೇ.

ಸಂದೇಶದ ಜತೆ ಎರಡು ಸೂಚನೆ ಕಳಿಸಬಹುದು. ಇವು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ಒಂದು, ಇದು ತುರ್ತೋ ಸಾಮಾನ್ಯವೋ ಎಂಬುದು. ಆಂಡ್ರಾಯ್ಡ್ ಫೋನುಗಳು 2015ರಿಂದ ಈಚೆಗೆ, ಮುಟ್ಟದೆ ಇಟ್ಟಾಗ ಗಾಢ ನಿದ್ದೆಗೆ ಜಾರುತ್ತವೆ. ಸಾಮಾನ್ಯ ಸಂದೇಶ ಆ ನಿದ್ದೆ ಮುಗಿಯುವವರೆಗೆ ಕಾಯಬೇಕಾಗಬಹುದು, ತುರ್ತಿನದು ಎಬ್ಬಿಸುತ್ತದೆ. ಎರಡನೆಯದು ಸಂದೇಶದ ಆಯಸ್ಸು. ಏನೂ ಹೇಳದಿದ್ದರೆ ಗೂಗಲ್ ಅದನ್ನು ನಾಲ್ಕು ವಾರದವರೆಗೂ ಕಾಪಿಟ್ಟು, ಫೋನು ಸಿಕ್ಕಾಗ ತಲುಪಿಸುತ್ತದೆ. ಹಬ್ಬದ ರಿಯಾಯಿತಿಯ ಸುದ್ದಿಗೆ ಅದು ಸರಿ. ಬ್ಯಾರನ್ನಿನ ಬಿಸಿ ಇಳಿದಿದೆ ಎಂಬ ಸುದ್ದಿ ಮಾರನೆಯ ದಿನ ಬಂದರೆ ಅಣ್ಣ ಸರಿಯಾಗಿ ಉರಿಯುತ್ತಿರುವ ಒಲೆಗೆ ಇನ್ನಷ್ಟು ಸೌದೆ ತುಂಬಿಯಾನು. ಹಾಗಾಗಿ ನಮ್ಮ ಸಂದೇಶದ ಆಯಸ್ಸು ಹತ್ತೇ ನಿಮಿಷ.

ಇನ್ನು ಎಬ್ಬಿಸುವ ನಿಯಮ. ಒಂದು ಸಲ ಬೇಯಿಸಿದಾಗಿನ ಅಂಕಿಗಳನ್ನೆಲ್ಲ ಉಳಿಸಿಟ್ಟು, ಅದೇ ದಾಖಲೆಯ ಮೇಲೆ ಎರಡು ನಿಯಮಗಳನ್ನು ಓಡಿಸಿ ಅಣ್ಣನಿಗೆ ತೋರಿಸಿದೆ. ಮೊದಲನೆಯದು ಸರಳ: ಕೊನೆಯ ಹಂತದಲ್ಲಿ 155ಕ್ಕಿಂತ ಕೆಳಗಿಳಿದರೆ ಫೋನು ಬಾರಿಸು. ಒಲೆ ಅಂದಮೇಲೆ ಬಿಸಿ ತೂಗಾಡುತ್ತಲೇ ಇರುತ್ತದೆ. 154, 156, ಮತ್ತೆ 154. ಆ ನಿಯಮದಲ್ಲಿ ಪ್ರತಿ ತೂಗಾಟಕ್ಕೂ ಫೋನು ಒಂದು ಸಲ ಬಾರಿಸುತ್ತದೆ. ಅಣ್ಣ ಪಟ್ಟಿ ನೋಡಿ, "ಇಷ್ಟ್ ಸಲ ಬಡ್ಕಂಡ್ರೆ ಯಾವ್ದನ್ನ ನಂಬದು ಪುಟ್ಟಿ? ಮೂರ್ನೇ ದಿನಕ್ಕೆ ಫೋನ್ ಆಫ್ ಮಾಡಿ ಮಲಿಕತೀನಿ" ಅಂದ. ಎರಡನೆಯ ನಿಯಮದಲ್ಲಿ ಹತ್ತು ನಿಮಿಷದ ಸರಾಸರಿ 155ಕ್ಕಿಂತ ಇಳಿದರೆ ಮಾತ್ರ ಒಮ್ಮೆ ಬಾರಿಸುವುದು, ಆಮೇಲೆ ಬಿಸಿ 158 ದಾಟಿ ನಿಲ್ಲುವ ತನಕ ಅದೇ ಮಾತು ಮತ್ತೆ ಎತ್ತದಿರುವುದು. ಆ ದಾಖಲೆಯಲ್ಲಿ ಬೆಂಕಿ ನಿಜವಾಗಿ ಸೋತ ಹೊತ್ತುಗಳು ಮಾತ್ರ ಉಳಿದವು. ಈಗ ಓಡುತ್ತಿರುವುದು ಇದೇ ನಿಯಮ.

ಬಿಸಿ ಹಠಾತ್ತನೆ ಏರಿದರೆ ಮಾತ್ರ ಸರಾಸರಿಗೆ ಕಾಯುವಂತಿಲ್ಲ. ಕಡ್ಡಿಯಿಂದ ಕಳಚಿದ ಒಣ ಎಲೆ ಒಲೆಯ ಬಿಸಿ ಸಾಗಿಸುವ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಆಗ ಅಣ್ಣ, ಅತ್ತಿಗೆ, ಪಕ್ಕದ ಹೊಲದವರು ಎಲ್ಲರ ಫೋನೂ ಒಟ್ಟಿಗೆ ಹೊಡೆದುಕೊಳ್ಳಬೇಕು. ಇಳಿತಕ್ಕೆ ಹತ್ತು ನಿಮಿಷದ ತಾಳ್ಮೆ, ಏರಿಕೆಗೆ ಒಂದು ನಿಮಿಷವೂ ಇಲ್ಲ. ಯಾವ ಹಂತ ನಡೆಯುತ್ತಿದೆ ಎಂಬುದನ್ನು ಯಂತ್ರ ಊಹಿಸುವುದಿಲ್ಲ. ಎಲೆ ಮುಟ್ಟಿ ನೋಡಿ ಅಣ್ಣನೇ ಆ್ಯಪ್‌ನಲ್ಲಿ ಗುಂಡಿ ಒತ್ತುತ್ತಾನೆ: ಹಳದಿ, ಎಲೆ, ದಂಟು. ಅವನ ಬೆರಳಿಗೆ ಗೊತ್ತಿರುವುದು ನನ್ನ ಬಿಸಿ ಅಳೆಯುವ ಕಡ್ಡಿಗೆ ಗೊತ್ತಿಲ್ಲ, ಆ ಅರಿವನ್ನು ಮೀರಲು ಹೋಗುವುದೂ ಬೇಡ.

ಕಳಿಸಿದ್ದು ತಲುಪಿಯೇ ತೀರುತ್ತದೆ ಎಂಬ ಭರವಸೆಯನ್ನು ಯಾವ ಸಂದೇಶ ಕೇಂದ್ರವೂ ಕೊಡುವುದಿಲ್ಲ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಆ್ಯಪನ್ನೇ ಉಸಿರುಗಟ್ಟಿಸುವ ಫೋನುಗಳಿವೆ. ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್‌ಗೆ ಮೊದಲೇ ಅನುಮತಿ ಕೇಳಬೇಕು. ಅಲ್ಲಿ ಬೇಡ ಎಂದು ಒತ್ತಿದರೆ ಗಂಟೆ ಬಾರಿಸುವ ಮಾತೇ ಇಲ್ಲ. ಅದಕ್ಕೆ ಅಣ್ಣ ಎದ್ದವನು "ನೋಡಿದೆ" ಎಂದು ಒತ್ತಬೇಕು. ಐದು ನಿಮಿಷದಲ್ಲಿ ಒತ್ತದಿದ್ದರೆ ಅತ್ತಿಗೆಗೆ ಮಾಮೂಲಿ ಫೋನ್ ಕರೆ ಹೋಗುತ್ತದೆ. ಅಂಕಿ ಬರುವುದೇ ನಿಂತರೂ ಕರೆ ಹೋಗುತ್ತದೆ. ಕರೆಂಟು ಹೋಗಿ ಬೋರ್ಡು ಸುಮ್ಮನಾದಾಗ ಪರದೆಯ ಮೇಲೆ ಕೊನೆಯ ಅಂಕಿ ಹಾಗೇ ನಿಂತಿರುತ್ತದೆ, ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಚ್ಚರಿಕೆ ಕೊಡುವ ವ್ಯವಸ್ಥೆಯಲ್ಲಿ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ.

ನಮ್ಮದು ಒಂದು ಬ್ಯಾರನ್ನಿನ ಮಾತು. ಯಾರನ್ನು ಯಾವಾಗ ಎಚ್ಚರಿಸಬೇಕು ಎಂಬುದು ನಮ್ಮ ಹಾಸನ ಜಿಲ್ಲೆಯಲ್ಲಿ ಪ್ರಾಣದ ಪ್ರಶ್ನೆಯಾಗಿರುವುದು ಆನೆಗಳ ವಿಷಯದಲ್ಲಿ. ಆಲೂರು, ಸಕಲೇಶಪುರ ಭಾಗದಿಂದ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು, ಆದರೂ ಆನೆಗಳ ಓಡಾಟ ನಿಲ್ಲಲಿಲ್ಲ. ಆಮೇಲೆ ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಎಚ್ಚರಿಕೆಯ ಜಾಲ ಕಟ್ಟಿದವು. ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೊ ಕಾಲರ್ ತೊಡಿಸಿ ಅದರ ಜಾಡು ತಿಳಿಯುವುದು, ಸಿಬ್ಬಂದಿ ಹೆಜ್ಜೆಗುರುತು ಹಿಡಿದು ಹೋಗಿ ನೋಡುವುದು, ಆ ಸುತ್ತಿನವರಿಗೆ ಎಸ್‌ಎಂಎಸ್ ಮತ್ತು ಧ್ವನಿ ಕರೆ ಕಳಿಸುವುದು, ರಸ್ತೆ ಬದಿಯ ಎಲ್‌ಇಡಿ ಫಲಕದಲ್ಲಿ ತೋರಿಸುವುದು. ಇದಕ್ಕೆ ದಾರಿ ತೋರಿದ್ದು ತಮಿಳುನಾಡಿನ ವಾಲ್ಪಾರೈ. ಅಲ್ಲಿ ಅದೇ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು ಟೀ ತೋಟದ ಕೂಲಿಕಾರರಿಗೆ ಎಸ್‌ಎಂಎಸ್ ಕಳಿಸಿದರು, ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನು ಎತ್ತರದ ಕಡೆ ನಿಲ್ಲಿಸಿದರು. 2015ರಲ್ಲಿ ಆನಂದ ಕುಮಾರ್ ಅವರಿಗೆ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು.

ಹಾಸನದ ಜಾಲವನ್ನು ಆ್ಯಪ್‌ನ ಮೇಲೆ ನಿಲ್ಲಿಸದೆ ಎಸ್‌ಎಂಎಸ್ ಮತ್ತು ಕರೆಯ ಮೇಲೆ ನಿಲ್ಲಿಸಿದ್ದು ನನ್ನ ಕಣ್ಣಿಗೆ ಬಲು ವಿವೇಕದ ತೀರ್ಮಾನ. ಬೆಳಿಗ್ಗೆ ಆರಕ್ಕೆ ಕಾಫಿ ತೋಟಕ್ಕೆ ನಡೆದು ಹೋಗುವ ಹೆಂಗಸಿನ ಕೈಯಲ್ಲಿ ಬಟನ್ ಫೋನು ಇರಬಹುದು. ಅವರಿಗೆ ಓದಲು ಬಾರದೆ ಇರಬಹುದು. ತೋಟದಲ್ಲಿ ಇಂಟರ್ನೆಟ್ ಸಿಗದೆ ಇರಬಹುದು. ಧ್ವನಿ ಕರೆ ಇದೆಲ್ಲವನ್ನೂ ದಾಟುತ್ತದೆ. ದಾರಿಹೋಕರ ನಂಬರು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಅವರಿಗೆ ಫಲಕ. ಇನ್ನು ಕಾಲರ್ ಆನೆಯ ಜಾಗವನ್ನು ಕ್ಷಣಕ್ಷಣಕ್ಕೂ ಹೇಳುವುದಿಲ್ಲ. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾದ್ದರಿಂದ ಬಿಡುವು ಕೊಟ್ಟು ಹೇಳುತ್ತದೆ. ಆ ನಡುವೆ ಆನೆ ಎಷ್ಟೋ ದೂರ ನಡೆದಿರುತ್ತದೆ. ಆ ಅಂತರವನ್ನು ತುಂಬುವವರು ಕಾಲ್ನಡಿಗೆಯಲ್ಲಿ ಹಿಂಬಾಲಿಸುವ ಸಿಬ್ಬಂದಿ. ಎಚ್ಚರಿಕೆ ಜಾಲದ ಬಗ್ಗೆ ಮಾತಾಡುವಾಗ ಅವರ ದುಡಿಮೆಯನ್ನು ಮೊದಲು ಹೇಳಬೇಕು.

ಮಳೆಯ ಡೇಟಾ ನಮ್ಮ ರಾಜ್ಯದಲ್ಲಿ ಇನ್ನೂ ದೊಡ್ಡದಾಗಿ ಹರಿಯುತ್ತಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ನಿಲ್ಲಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಯಲಹಂಕದಲ್ಲಿರುವ ಆ ಕೇಂದ್ರಕ್ಕೆ ಲೆಕ್ಕ ಒಪ್ಪಿಸುತ್ತವೆ. ಕೇಂದ್ರದ "ವರುಣ ಮಿತ್ರ" ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿ ನಮ್ಮೂರಿನ ಮಳೆ ಕೇಳಬಹುದು, "ಸಿಡಿಲು" ಆ್ಯಪ್ ಹತ್ತಿರದ ಮಿಂಚಿನ ಎಚ್ಚರಿಕೆ ಕೊಡುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ "ದಾಮಿನಿ" ಆ್ಯಪ್ ಕೂಡ ಇದೇ ಕೆಲಸ ಮಾಡುತ್ತದೆ. ಮುಂಗಾರಿಗೆ ಮೊದಲು, ಹೊಲ ಹದ ಮಾಡುವ ದಿನಗಳಲ್ಲಿ, ಬಯಲಲ್ಲಿ ಇರುವವರಿಗೆ ಇಂಥದ್ದು ಜೀವ ಉಳಿಸಬಲ್ಲದು. ಜಿಲ್ಲೆಗೆ ಜಿಲ್ಲೆಯನ್ನೇ ಒಮ್ಮೆಗೇ ಎಚ್ಚರಿಸಬೇಕಾದರೆ ಇನ್ನೊಂದು ದಾರಿಯಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಎಷ್ಟೋ ಫೋನುಗಳು ಒಟ್ಟಿಗೆ ಅರಚಿಕೊಂಡಿದ್ದು ಓದುಗರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಅದಕ್ಕೆ ಆ್ಯಪ್ ಬೇಡ, ನಂಬರು ಬೇಡ, ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಂದೇ ಸಲ ಮುಟ್ಟುತ್ತದೆ. ಅಣೆಕಟ್ಟೆಯ ಗೇಟು ತೆರೆದಾಗ ಹೊಳೆ ಪಾತ್ರದಲ್ಲಿ ಇರುವವರಿಗೆ ಅದು ತಕ್ಕದ್ದು. ಒಬ್ಬನ ಬ್ಯಾರನ್ನಿಗೆ ಅಲ್ಲ.

ಒಬ್ಬನ ಬ್ಯಾರನ್ನಿಗೂ ಇಡೀ ಜಿಲ್ಲೆಗೂ ನಡುವೆ ಉಳಿದಿರುವ ಜಾಗ ದೊಡ್ಡದು, ಅಲ್ಲಿ ಕೆಲಸ ಆಗಬೇಕು. ನಮ್ಮ ಜಿಲ್ಲೆಯ ಆಲೂಗೆಡ್ಡೆಯನ್ನು ಅಂಗಮಾರಿ ಹೇಗೆ ಸುಡುತ್ತದೆ ಎಂದು ಹಾಸನದ ರೈತರಿಗೆ ಹೇಳಬೇಕಿಲ್ಲ. ತಂಪು, ಮೋಡ, ಎಲೆಯ ಮೇಲೆ ಆರದ ತೇವ: ರೋಗ ಏಳುವ ಹವೆ ಯಾವುದೆಂದು ಗೊತ್ತಿದೆ, ಮಳೆಯ ಅಂಕಿ ಪಂಚಾಯ್ತಿಯಿಂದಲೇ ಬರುತ್ತಿದೆ. ಈ ವಾರ ಔಷಧಿ ಹೊಡೆಯಬೇಕೋ, ಹೊಡೆದದ್ದು ಸಂಜೆಯ ಮಳೆಗೆ ತೊಳೆದು ಹೋಗುತ್ತದೋ ಎಂದು ಬೆಳಗಿನ ಜಾವ ಆ ಹೋಬಳಿಯ ಆಲೂಗೆಡ್ಡೆ ಬೆಳೆಗಾರರಿಗೆ ಮಾತ್ರ, ಕನ್ನಡದಲ್ಲಿ, ಧ್ವನಿಯಲ್ಲಿ ಒಂದೇ ಕರೆ ಬರಬೇಕು. ಹವೆ ಬದಲಾಗದ ದಿನ ಕರೆ ಬರಬಾರದು.

ನಮ್ಮಲ್ಲಿ ಮುಂದಿನ ಕೆಲಸ ಪಕ್ಕದ ಹೊಲದವರ ಬ್ಯಾರನ್ನುಗಳನ್ನೂ ಸೇರಿಸುವುದು. ಅಂಕಿ ಕಳಿಸುವುದು ಅಂಥದ್ದೇ ಬೋರ್ಡು, ಪಡೆಯುವುದು ಅದೇ ಸರ್ವರು. ಯಾರ ಬೆಂಕಿ ಸೋತರೆ ಯಾರನ್ನು ಎಬ್ಬಿಸುವುದು ಎಂಬ ಪಟ್ಟಿ ಮಾತ್ರ ಹೊಸದಾಗಿ ಆಗಬೇಕು. ಅದನ್ನು ನಾನು ಬೆಂಗಳೂರಿನಲ್ಲಿ ಕೂತು ಬರೆಯುವ ಹಾಗಿಲ್ಲ. ಸಸಿ ನಾಟಿ ಮುಗಿದ ಮೇಲೆ ಒಂದು ಸಂಜೆ ನಮ್ಮ ಜಗಲಿಯಲ್ಲಿ ಸೇರಿ ಅವರವರೇ ಹೇಳಿ ಬರೆಸುತ್ತಾರೆಂದು ಅತ್ತಿಗೆ ಗೊತ್ತು ಮಾಡಿದ್ದಾರೆ.